ಅವ್ವನ ಉದ್ರಿ ಪುಸ್ತಕ, ನನ್ನ ಕ್ರೆಡಿಟ್ ಕಾರ್ಡ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಯೊಂದರಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ ಪಗಾರ 28,000 ರೂಪಾಯಿ ಎಂದು ಹೇಳಿದ್ದರು. ಖಾತೆಗೆ ಬಂದದ್ದು 26,120. ಮೂಲ ವೇತನವಾದ 14,000 ರೂಪಾಯಿಗೆ ಶೇ 12ರಂತೆ ಭವಿಷ್ಯ ನಿಧಿಗೆ 1,680, ವೃತ್ತಿ ತೆರಿಗೆ ಎಂದು 200 ರೂಪಾಯಿ ಮುರಿದುಕೊಂಡಿದ್ದರು. ಖರ್ಚಿನ ಲೆಕ್ಕವನ್ನು ನಾನು 28,000ಕ್ಕೇ ಹಾಕಿಕೊಂಡಿದ್ದೆ. ಅದು ಸಣ್ಣ ತಪ್ಪು, ಮರುತಿಂಗಳೇ ತಿದ್ದಿಕೊಂಡೆ. ದೊಡ್ಡ ತಪ್ಪು ಮಾಡಿದ್ದು ಕ್ರೆಡಿಟ್ ಕಾರ್ಡ್ ವಿಷಯದಲ್ಲಿ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ನಮ್ಮ ಮನೆಯದೊಂದು ಉದ್ರಿ ಪುಸ್ತಕವಿತ್ತು. ಅಪ್ಪನ ಪಗಾರವಾದ ಸಂಜೆ ಅವ್ವ ಅಂಗಡಿಗೆ ಹೋಗಿ, ಪುಸ್ತಕದ ಒಂದೊಂದು ಸಾಲನ್ನೂ ಓದಿಸಿ, ಎಣ್ಣೆ, ಬೇಳೆ, ಚಹಾಪುಡಿಗಳ ಬಾಕಿಯನ್ನೆಲ್ಲ ಚುಕ್ತಾ ಮಾಡಿದ ಮೇಲೆಯೇ ಉಳಿದ ರೊಕ್ಕವನ್ನು ಮನೆಗೆ ತರುತ್ತಿದ್ದಳು. ಒಮ್ಮೆ ಪಗಾರ ತಡವಾದಾಗ ಅಂಗಡಿಯವರು ತಾವಾಗಿಯೇ ಬಾಕಿಯನ್ನು ಮುಂದಿನ ಪುಟಕ್ಕೆ ಬರೆದುಕೊಂಡರು, ಬಡ್ಡಿ ಕೇಳಲಿಲ್ಲ. ಆದರೂ ಆ ಬಾಕಿ ತೀರುವವರೆಗೆ ಅವ್ವ ಹೊಸದಾಗಿ ಏನನ್ನೂ ಉದ್ರಿ ತರಲಿಲ್ಲ. ಇದನ್ನು ನೋಡುತ್ತಲೇ ಬೆಳೆದ ನಾನು, ಕಾರ್ಡ್ ಕೂಡ ಒಂದು ಉದ್ರಿ ಪುಸ್ತಕವೇ ಎಂಬುದನ್ನು ಗುರುತಿಸಲಿಲ್ಲ.

ಹೊಸ ಫೋನು, ಗದಗಿನಲ್ಲಿ ಗೆಳೆಯನ ಮದುವೆಗೆಂದು ಬಟ್ಟೆ, ಬೈಕ್ ರಿಪೇರಿ ಎಲ್ಲ ಸೇರಿ ಒಂದು ತಿಂಗಳ ಬಿಲ್ಲು 40,000 ರೂಪಾಯಿಗೆ ಮುಟ್ಟಿತು. ಬಿಲ್ಲಿನಲ್ಲಿ ಎರಡು ಮೊತ್ತಗಳಿದ್ದವು: ಪೂರ್ಣ ಬಾಕಿ 40,000, ಮಿನಿಮಮ್ ಡ್ಯೂ, ಎಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದದ್ದು, 2,000. ನಾನು ಎರಡನೆಯದನ್ನು ಕಟ್ಟಿ ನಿಶ್ಚಿಂತನಾದೆ. ಅಷ್ಟು ಕಟ್ಟಿದರೆ ತಡವಾದದ್ದಕ್ಕೆ ದಂಡ ಬೀಳುವುದಿಲ್ಲ, ಬ್ಯಾಂಕಿನಿಂದ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ಏನೋ ತಪ್ಪಾಗಿದೆ ಎಂಬ ಅನುಮಾನವೇ ಹುಟ್ಟುವುದಿಲ್ಲ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ಎಂದರೆ ವರ್ಷಕ್ಕೆ ಶೇ 42. 40,000ಕ್ಕೆ ತಿಂಗಳ ಬಡ್ಡಿ 1,400, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 252, ಒಟ್ಟು 1,652. ಹೀಗೆ ತಿಂಗಳಿಗೆ 2,000 ಕಟ್ಟುವವನ ಅಸಲಿನಲ್ಲಿ ಕರಗುವುದು ಬರೀ 348 ರೂಪಾಯಿ. ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ: ಪೂರ್ಣ ಬಾಕಿ ಕಟ್ಟದೆ ಉಳಿಸಿಕೊಂಡರೆ ಬಡ್ಡಿಯಿಲ್ಲದ ದಿನಗಳ ಸವಲತ್ತು ಹೋಗುತ್ತದೆ, ಆ ಮೇಲೆ ಅದೇ ಕಾರ್ಡಿನಲ್ಲಿ ಹಾಕಿಸಿದ ಪೆಟ್ರೋಲಿಗೂ ಹಾಕಿಸಿದ ದಿನದಿಂದಲೇ ಬಡ್ಡಿ ಓಡುತ್ತದೆ.

ಅವ್ವನಿಗೆ ಹೇಳಿದಾಗ ಅವಳು ಬೈಯಲಿಲ್ಲ, "ಮದಲ ಹೊಸಾ ಉದ್ರಿ ನಿಂದರಸು" ಎಂದಷ್ಟೇ ಅಂದಳು. ಕಾರ್ಡನ್ನು ಅವಳ ಟ್ರೆಜರಿಯಲ್ಲಿ (ಕಬ್ಬಿಣದ ಕಪಾಟಿನಲ್ಲಿ) ಇಟ್ಟು, ಪಗಾರವಾದ ದಿನವೇ ಪ್ರತಿ ತಿಂಗಳು 8,000 ರೂಪಾಯಿ ಕಟ್ಟತೊಡಗಿದೆ. ಆರನೇ ಕಂತಿಗೆ ಸಾಲ ಚುಕ್ತಾ ಆಯಿತು. ಆ ಅರ್ಧ ವರ್ಷದಲ್ಲಿ ಬಡ್ಡಿ ಮತ್ತು ತೆರಿಗೆಯೆಂದು ಐದೂವರೆ ಸಾವಿರಕ್ಕಿಂತ ಹೆಚ್ಚು ಹೋಯಿತು.

ಏಳನೇ ತಿಂಗಳಿನಿಂದ ಅದೇ 8,000ದಲ್ಲಿ 5,000ವನ್ನು ಆರ್‌ಡಿಗೆ, ಎಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ತಿರುಗಿಸಿದೆ, ಏಕೆಂದರೆ ಬೈಕ್ ಕೆಟ್ಟಾಗ ಕೈಯಲ್ಲಿ ರೊಕ್ಕವಿದ್ದಿದ್ದರೆ ಆ ಬಿಲ್ಲು ಅಷ್ಟು ಬೆಳೆಯುತ್ತಿರಲಿಲ್ಲ. ಅವ್ವನದು ದಿನಕ್ಕೆ 50 ರೂಪಾಯಿಯ ಪಿಗ್ಮಿ. ಬಡ್ಡಿ ಕಡಿಮೆ ಎಂದು ನಾನು ತಕರಾರು ತೆಗೆದರೂ, ಮನೆ ಬಾಗಿಲಿಗೆ ಬಂದು ಕೇಳುವವರಿಲ್ಲದಿದ್ದರೆ ಆ ದುಡ್ಡು ಉಳಿಯುತ್ತಲೇ ಇರಲಿಲ್ಲ ಎಂಬ ಅವಳ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವಳ ಪಿಗ್ಮಿ ಇರುವುದು ಒಂದು ಪತ್ತಿನ ಸಹಕಾರಿ ಸಂಘದಲ್ಲಿ. ನಮ್ಮ ಭಾಗಕ್ಕೆ ಸಹಕಾರದ ನಂಟು ಹಳೆಯದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದ್ದರು. ಅಭಿಮಾನ ಬೇರೆ, ಭದ್ರತೆ ಬೇರೆ: ಸಹಕಾರಿ ಬ್ಯಾಂಕೂ ಸೇರಿದಂತೆ ಬ್ಯಾಂಕಿನ ಠೇವಣಿಗೆ ಪ್ರತಿ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ, 2020ಕ್ಕೆ ಮುಂಚೆ ಅದು 1 ಲಕ್ಷವಿತ್ತು, ಸಹಕಾರಿ ಸಂಘದ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಇದನ್ನು ವಿವರಿಸಿದ ಮೇಲೆ ಅವ್ವ ಪಿಗ್ಮಿಯನ್ನು ನಿಲ್ಲಿಸಲಿಲ್ಲ, ಆದರೆ ವರ್ಷ ತುಂಬಿ ಬಂದ ಮೊತ್ತವನ್ನು ಬ್ಯಾಂಕಿನಲ್ಲಿ ಇಡಲು ಒಪ್ಪಿದಳು.

ಕಾರ್ಡ್ ಈಗ ಮತ್ತೆ ನನ್ನ ಜೇಬಿನಲ್ಲಿದೆ. ಖಾತೆಯಿಂದ ತಾನಾಗಿಯೇ ಮುರಿಯುವ ವ್ಯವಸ್ಥೆಯಲ್ಲಿ ಮಿನಿಮಮ್ ಡ್ಯೂ ಬದಲು ಪೂರ್ಣ ಬಾಕಿಯನ್ನು ಆರಿಸಿದ್ದೇನೆ, ಅದರಲ್ಲಿ ಕೊಂಡದ್ದನ್ನೆಲ್ಲ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪಗಾರವಾದ ಸಂಜೆ ಅವ್ವ ಆ ನೋಟ್‌ಬುಕ್ಕನ್ನು ಇಸಿದುಕೊಂಡು, ಒಂದೊಂದು ಸಾಲನ್ನೂ ನನ್ನಿಂದ ಓದಿಸುತ್ತಾಳೆ.