ಕ್ಲಾಶ್ ಇಲ್ಲದ ಟೈಮ್‌ಟೇಬಲ್

ನಾನು ಅಸಿಸ್ಟೆಂಟ್ ಪ್ರಿನ್ಸಿಪಾಲ್ ಆಗಿದ್ದು 2017ರಲ್ಲಿ. ಬಂದ ಕೂಡಲೇ ಇಡೀ ಶಾಲೆಯ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ತಲೆಗೆ ಬಂತು. "ಮ್ಯಾತ್ಸ್ ಮೇಷ್ಟ್ರಲ್ವಾ, ನಿಮಗೆ ಸುಲಭ" ಅಂದರು ಪ್ರಿನ್ಸಿಪಾಲ್. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ, ಶಾರ್ಲೆಟ್‌ನಿಂದ ಒಂದು ಗಂಟೆ ದಾರಿ. ಆರರಿಂದ ಎಂಟನೇ ಕ್ಲಾಸಿನವರೆಗಿನ ಸರ್ಕಾರಿ ಮಿಡಲ್ ಸ್ಕೂಲು. ಬ್ಲ್ಯಾಕ್ ಮಕ್ಕಳು, ಬಿಳಿಯರ ಮಕ್ಕಳು ಹೆಚ್ಚುಕಮ್ಮಿ ಸಮ. ಜೊತೆಗೆ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು, ಒಂದಷ್ಟು ನಮ್ಮವರು.

ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿಕೊಂಡು ಹದಿನೈದು ದಿನ ಕೂತೆ. ಟೈಮ್‌ಟೇಬಲ್ ಹಾಕಿದವರಿಗೆ ಗೊತ್ತು, ತಲೆ ತಿನ್ನುವುದು ಒಂದೇ ಸೆಕ್ಷನ್ ಇರುವ ಕ್ಲಾಸುಗಳು. ನಮ್ಮಲ್ಲಿ ಏಳನೇ ಕ್ಲಾಸಿಗೆ ಬ್ಯಾಂಡ್, ಅಂದರೆ ವಾದ್ಯ ಸಂಗೀತ, ಒಂದೇ ಪೀರಿಯಡ್, ಅಡ್ವಾನ್ಸ್ಡ್ ಮ್ಯಾತ್ಸ್ ಕೂಡ ಒಂದೇ ಪೀರಿಯಡ್. ಅವೆರಡನ್ನು ಮೊದಲು ಕೂರಿಸಿ, ಉಳಿದದ್ದನ್ನು ಸುತ್ತ ತುಂಬಿದೆ. ಒಂದೇ ಮಗುವಿಗೆ ಒಂದೇ ಹೊತ್ತಿಗೆ ಎರಡು ಕ್ಲಾಸ್ ಬೀಳುವ ಕ್ಲಾಶ್ ಒಂದೇ ಒಂದೂ ಇಲ್ಲ! ಮನೆಗೆ ಹೋಗಿ ಹೆಂಡತಿ ಹತ್ತಿರ ಸ್ವಲ್ಪ ಕೊಚ್ಚಿಕೊಂಡೆ ಕೂಡ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಕಾರಿಡಾರ್ ಡ್ಯೂಟಿಯಲ್ಲಿದ್ದೆ. ಎರಡನೇ ಪೀರಿಯಡ್ ಮುಗಿದು ಬೆಲ್ ಆಯಿತು. ಅಕ್ಕಪಕ್ಕ ಎರಡು ರೂಮು. ಒಂದು ಬಾಗಿಲಿಂದ ಅಡ್ವಾನ್ಸ್ಡ್ ಮ್ಯಾತ್ಸ್ ಮಕ್ಕಳು ಬಂದರು. ಬಿಳಿಯರ ಮಕ್ಕಳು, ಐದಾರು ಜನ ಇಂಡಿಯನ್ ಮಕ್ಕಳು, ಇಬ್ಬರು ಬ್ಲ್ಯಾಕ್ ಹುಡುಗರು. ಪಕ್ಕದ ಬಾಗಿಲಿಂದ ರೆಗ್ಯುಲರ್ ಮ್ಯಾತ್ಸ್ ಮಕ್ಕಳು ಬಂದರು. ಅಲ್ಲಿ ಯಾರಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಡ್ವಾನ್ಸ್ಡ್ ಸಾಲು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ. ಎಡಕ್ಕೆ ಹೋದವರು ಒಟ್ಟಿಗೇ ಬ್ಯಾಂಡ್‌ಗೆ, ಅಲ್ಲಿಂದ ಒಟ್ಟಿಗೇ ಇಂಗ್ಲಿಷ್‌ಗೆ, ಆಮೇಲೆ ಒಟ್ಟಿಗೇ ಊಟಕ್ಕೆ. ಯಾಕಂದರೆ ನಾನೇ ಹಾಗೆ ಹಾಕಿದ್ದೆ. ಒಂದು ಮ್ಯಾತ್ಸ್ ಪೀರಿಯಡ್ ಸಲುವಾಗಿ ಆ ಮಕ್ಕಳ ಇಡೀ ದಿನವನ್ನೇ ಬೇರೆ ಮಾಡಿಟ್ಟಿದ್ದೆ. ಕ್ಲಾಶ್ ಯಾಕೆ ಬರಲಿಲ್ಲ ಅಂತ ಆಗ ಅರ್ಥವಾಯಿತು.

ನಮ್ಮ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಬ್ಲ್ಯಾಕ್ ಹೆಂಗಸು. ರಿಟೈರ್ ಆಗಲು ಎರಡು ಮೂರು ವರ್ಷ ಇತ್ತು. ಅವರ ಹತ್ತಿರ ಹೇಳಿಕೊಂಡೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಕುರ್ಚಿ ಕಡೆ ನೋಡಿ, "ನಮ್ಮಪ್ಪನಿಗೂ ಕೊನೆಗೆ ಕೊಟ್ಟಿದ್ದು ಇದೇ ಕೆಲಸ" ಅಂದರು. ಅವರಪ್ಪ ಬ್ಲ್ಯಾಕ್ ಮಕ್ಕಳ ಹೈಸ್ಕೂಲಿಗೆ ಪ್ರಿನ್ಸಿಪಾಲ್ ಆಗಿದ್ದರಂತೆ. ಬ್ಲ್ಯಾಕ್ ಮಕ್ಕಳಿಗೊಂದು, ಬಿಳಿಯರ ಮಕ್ಕಳಿಗೊಂದು ಅಂತ ಇದ್ದ ಎರಡೂ ಶಾಲೆ ಒಂದು ಮಾಡುವಾಗ ಬಾಗಿಲು ಮುಚ್ಚಿದ್ದು ಅವರ ಶಾಲೆ. ಬಿಳಿಯರ ಶಾಲೆಯಲ್ಲಿ ಅವರನ್ನು ಅಸಿಸ್ಟೆಂಟ್ ಮಾಡಿ, ಬಸ್ಸು ಮತ್ತು ಪುಸ್ತಕದ ಲೆಕ್ಕ ಕೈಗೆ ಕೊಟ್ಟರು.

ಅದು ಅವರೊಬ್ಬರ ಮನೆಯ ಕತೆ ಅಂದುಕೊಂಡಿದ್ದೆ. ಆಮೇಲೆ ಓದಿದೆ. 1963ರಲ್ಲಿ ನಾರ್ತ್ ಕೆರೊಲಿನಾದ ಹೈಸ್ಕೂಲುಗಳಲ್ಲಿ 200ಕ್ಕೂ ಹೆಚ್ಚು ಬ್ಲ್ಯಾಕ್ ಪ್ರಿನ್ಸಿಪಾಲರಿದ್ದರು. 1970ಕ್ಕೆ ಹತ್ತು ಜನವೂ ಉಳಿದಿರಲಿಲ್ಲ. ಮಕ್ಕಳನ್ನು ಬಣ್ಣ ನೋಡಿ ಬೇರೆ ಬೇರೆ ಶಾಲೆಯಲ್ಲಿ ಕೂರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1954ರಲ್ಲಿ ಬ್ರೌನ್ ಕೇಸಿನಲ್ಲಿ ಹೇಳಿತ್ತು, ನಿಜ. ಆದರೆ ಸೇರಿಸಿದ ಮೇಲೆ ಯಾರ ಶಾಲೆ ಉಳಿಯಬೇಕು, ಯಾರು ನಡೆಸಬೇಕು ಅಂತ ತೀರ್ಮಾನಿಸಿದ್ದು ಊರೂರಿನ ಸ್ಕೂಲ್ ಬೋರ್ಡುಗಳು. ಅವುಗಳಲ್ಲಿ ಕೂತಿದ್ದವರು ಹೆಚ್ಚಾಗಿ ಬಿಳಿಯರೇ. ಇಷ್ಟು ವರ್ಷ ಈ ರಾಜ್ಯದ ಸಂಬಳ ತಿಂದವನಿಗೆ ಇದು ಗೊತ್ತಿರಲಿಲ್ಲ.

ನಮ್ಮವರದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಶಾಲೆಗಳನ್ನು ಬೆರೆಸಲು ಮಕ್ಕಳನ್ನು ಬಸ್ಸಿನಲ್ಲಿ ಊರಿನ ಆ ಕಡೆಯಿಂದ ಈ ಕಡೆಗೆ ಕಳಿಸಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿದ್ದು ಶಾರ್ಲೆಟ್‌ನದೇ ಕೇಸಿನಲ್ಲಿ, 1971ರಲ್ಲಿ. ಅಲ್ಲಿ ಮೂವತ್ತು ವರ್ಷ ನಡೆದ ಆ ಪದ್ಧತಿ 2002ರ ಹೊತ್ತಿಗೆ ನಿಂತಿತು. ಬ್ಯಾಂಕು, ಸಾಫ್ಟ್‌ವೇರ್ ಅಂತ ನಮ್ಮವರು ಜಾಸ್ತಿ ಬಂದಿದ್ದು ಅದಾದ ಮೇಲೆ. ರಾಜ್ಯೋತ್ಸವದ ಊಟದ ಸಾಲಲ್ಲಿ ಮನೆ ಕೊಳ್ಳುವ ಮಾತು ಬಂದರೆ ಮೊದಲ ಪ್ರಶ್ನೆ, "ಸ್ಕೂಲ್ ರೇಟಿಂಗ್ ಎಷ್ಟು ಸಾರ್?" ರೇಟಿಂಗ್ ಜಾಸ್ತಿ ಇರುವ ಕಡೆ ಯಾರಿರುತ್ತಾರೆ, ಯಾರಿರಲ್ಲ ಅಂತ ನಾವು ಕೇಳಲ್ಲ. ನಾನೂ ಹಾಗೇ ಮನೆ ಕೊಂಡವನು.

ಮುಂದಿನ ಮಾರ್ಚ್‌ನಲ್ಲಿ ಏಳನೇ ಕ್ಲಾಸಿನ ಅಡ್ವಾನ್ಸ್ಡ್ ಮ್ಯಾತ್ಸ್ ಪಟ್ಟಿ ಬಂದಾಗ ಸುಮ್ನೆ ಸಹಿ ಹಾಕಲಿಲ್ಲ. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟುಕೊಂಡು ಕೂತೆ. ಒಂದು ಕಾಲಂನಲ್ಲಿ ರಾಜ್ಯದ ವರ್ಷಾಂತ್ಯ ಪರೀಕ್ಷೆಯ ಲೆವೆಲ್, ಒಂದರಿಂದ ಐದು. ಇನ್ನೊಂದರಲ್ಲಿ ಟೀಚರ್ ಶಿಫಾರಸು. ಒಬ್ಬ ಬ್ಲ್ಯಾಕ್ ಹುಡುಗಿಗೆ ನಾಲ್ಕನೇ ಕ್ಲಾಸಿನಲ್ಲೂ ಐದು, ಐದನೇ ಕ್ಲಾಸಿನಲ್ಲೂ ಐದು. ಶಿಫಾರಸಿನ ಜಾಗ ಖಾಲಿ. ಟೀಚರ್‌ನ ಕೇಳಿದೆ. "ಹೋಮ್‌ವರ್ಕ್ ಸರಿಯಾಗಿ ತರಲ್ಲ." ಅದೇ ಪಟ್ಟಿಯಲ್ಲಿ ನಮ್ಮವರ ಹುಡುಗನೊಬ್ಬ, ಲೆವೆಲ್ ನಾಲ್ಕು, ಶಿಫಾರಸು ಇದೆ. ಅವನ ಅಮ್ಮ ಟೀಚರ್‌ಗೆ ಮೂರು ಈಮೇಲ್ ಕಳಿಸಿದ್ದರು. ಓದಿದರೆ ನನ್ನ ಮಗನಿಗೋಸ್ಕರ ನಾನು ಬರೆದದ್ದೇ ಅನ್ನಿಸುವ ಹಾಗಿತ್ತು. ಅದೇ ವಿನಯ, ಅದೇ ಒತ್ತಾಯ.

ಟೀಚರ್ ಕೆಟ್ಟವರಲ್ಲ. ಕೇಳಿದವರಿಗೆ ಸಿಗುತ್ತೆ, ಕೇಳದವರಿಗೆ ಸಿಗಲ್ಲ, ಅಷ್ಟೇ ಆಗಿದ್ದು. ಈ ಸಾಲು ತಪ್ಪಿದ ಮಗುವಿಗೆ ಎಂಟನೇ ಕ್ಲಾಸಿನಲ್ಲಿ ಮ್ಯಾತ್ ಒನ್, ಅಂದರೆ ಹೈಸ್ಕೂಲಿನ ಮೊದಲ ಮ್ಯಾತ್ಸ್ ಕೋರ್ಸ್, ಸಿಗುವುದು ಕಷ್ಟ. ಅದು ಸಿಗದಿದ್ದರೆ ಹೈಸ್ಕೂಲಿನಲ್ಲಿ ಕ್ಯಾಲ್ಕ್ಯುಲಸ್ ತನಕ ಹೋಗುವುದೂ ಕಷ್ಟ.

ಪ್ರಿನ್ಸಿಪಾಲ್ ಒಪ್ಪಿದ ಮೇಲೆ ಪಟ್ಟಿ ತಿರುಗಿಸಿದೆವು. ಮೊದಲು ಲೆವೆಲ್ ನೋಡಿ ಹೆಸರು ಹಾಕುವುದು. ಶಿಫಾರಸಿನಿಂದ ಹೆಸರು ಸೇರಿಸಬಹುದು, ತೆಗೆಯುವಂತಿಲ್ಲ. ಅಷ್ಟರಲ್ಲಿ ರಾಜ್ಯದಲ್ಲೇ ಕಾನೂನು ಬಂತು. ಅಂಕ ಚೆನ್ನಾಗಿದ್ದರೂ ಬಡವರ ಮಕ್ಕಳು ಅಡ್ವಾನ್ಸ್ಡ್ ಕ್ಲಾಸಿನಿಂದ ಹೊರಗುಳಿಯುತ್ತಿದ್ದಾರೆ ಅಂತ 2017ರಲ್ಲಿ ಶಾರ್ಲೆಟ್ ಮತ್ತು ರಾಜಧಾನಿ ರಾಲಿಯ ಪತ್ರಿಕೆಗಳು ಬರೆದಿದ್ದವು. 2018ರ ಕಾನೂನಿನ ಪ್ರಕಾರ, ಎಲ್ಲಕ್ಕಿಂತ ಮೇಲಿನ ಲೆವೆಲ್ ತೆಗೆದ ಮಗುವನ್ನು ಅಡ್ವಾನ್ಸ್ಡ್ ಮ್ಯಾತ್ಸ್‌ಗೆ ಹಾಕಲೇಬೇಕು. ಬೇಡ ಅಂದರೆ ಅಪ್ಪ ಅಮ್ಮ ಬರೆದುಕೊಡಬೇಕು. ನನಗೆ ಇದರಿಂದ ದೊಡ್ಡ ಅನುಕೂಲ ಆಯಿತು. ಜಗಳಕ್ಕೆ ಬಂದವರಿಗೆ ಕಾನೂನು ತೋರಿಸಿದರೆ ಸಾಕಿತ್ತು.

ಇಷ್ಟಾದರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಖುಷಿಪಡುತ್ತಾರೆ ಅಂತ ಕಾದರೆ ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಕೇಳಿದರು: "ಆ ಕ್ಲಾಸಲ್ಲಿ ಅವಳೊಬ್ಬಳೇನಾ?"

ಶಾರ್ಲೆಟ್ ಕಡೆ ಈ ಪ್ರಶ್ನೆ ಹೊಸದಲ್ಲ. 1957ರ ಸೆಪ್ಟೆಂಬರ್ 4ರಂದು ಡಾರತಿ ಕೌಂಟ್ಸ್ ಎಂಬ 15 ವರ್ಷದ ಹುಡುಗಿ ಹಾರ್ಡಿಂಗ್ ಹೈಸ್ಕೂಲಿಗೆ ನಡೆದು ಹೋದಳು. ಆ ಶಾಲೆಗೆ ಸೇರಿದ ಬ್ಲ್ಯಾಕ್ ವಿದ್ಯಾರ್ಥಿ ಅವಳೊಬ್ಬಳೇ. ಸುತ್ತ ನಿಂತು ನಗುವ, ಕೂಗುವ ಗುಂಪಿನ ಫೋಟೋ ಜಗತ್ತೆಲ್ಲ ಸುತ್ತಿತು. ನಾಲ್ಕು ದಿನ ಆದ ಮೇಲೆ ಅಪ್ಪ ಅಮ್ಮ ಅವಳನ್ನು ಬಿಡಿಸಿದರು. ಕೋರ್ಟಿನ ತೀರ್ಪು ಅವಳ ಪರವಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮತ್ತೆ ಚೀಟಿ, ಮತ್ತೆ ಗೋಡೆ. ಈ ಸಲ ಅಡ್ವಾನ್ಸ್ಡ್ ಮ್ಯಾತ್ಸ್‌ಗೆ ಎರಡು ಸೆಕ್ಷನ್ ಮಾಡಿದೆ. ಹೊಸದಾಗಿ ಬಂದ ಬ್ಲ್ಯಾಕ್ ಮಕ್ಕಳನ್ನು ಅಲ್ಲೊಬ್ಬರು ಇಲ್ಲೊಬ್ಬರು ಅಂತ ಚೆಲ್ಲದೆ, ಒಂದೊಂದರಲ್ಲಿ ಐದಾರು ಜನ ಇರುವಂತೆ ನೋಡಿಕೊಂಡೆ. ಇಂಗ್ಲಿಷ್, ಸೈನ್ಸ್, ಊಟ ಎಲ್ಲದರಲ್ಲೂ ಸಾಲು ಒಡೆದೆ. ಕ್ಲಾಶ್ ಎಷ್ಟು ಬಂತು ಗೊತ್ತಾ? ಹನ್ನೊಂದು. ಬ್ಯಾಂಡ್ ಮೇಷ್ಟ್ರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಬ್ಬ ಟೀಚರ್ ಇಷ್ಟಪಟ್ಟು ನಡೆಸುತ್ತಿದ್ದ ರೋಬಾಟಿಕ್ಸ್ ಪೀರಿಯಡ್ ಹೋಯಿತು. ಅದು ನನಗೆ ಈಗಲೂ ಬೇಜಾರು.

ಆ ಅಮ್ಮನಿಗೆ ಮತ್ತೆ ಫೋನ್ ಮಾಡಿ, "ಒಬ್ಬಳೇ ಅಲ್ಲ" ಅಂದೆ. ಯಾರ್ಯಾರು ಅಂತ ಕೇಳಿದರು. ಬೇರೆ ಮಕ್ಕಳ ವಿವರ ಕೊಡುವಂತಿಲ್ಲ. ಓಪನ್ ಹೌಸ್ ದಿನ ಬಂದು ನೀವೇ ನೋಡಿ ಅಂದೆ.

ಆಗಸ್ಟ್‌ನಲ್ಲಿ ಬಂದರು, ಕೆಲಸದ ಯೂನಿಫಾರಂನಲ್ಲೇ. ಮ್ಯಾತ್ಸ್ ರೂಮಿನ ಬಾಗಿಲಲ್ಲಿ ನಿಂತು ಒಳಗಿದ್ದ ಮಕ್ಕಳನ್ನು, ಅವರ ಅಪ್ಪ ಅಮ್ಮಂದಿರನ್ನು ನಿಧಾನವಾಗಿ ನೋಡಿದರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇವರು ಹೋಮ್‌ವರ್ಕ್ ಎಷ್ಟು ಕೊಡ್ತಾರೆ?" ಅಂದರು.