ಬುಟ್ಟಿ ಕಾಯುವ ಕೆಲಸ

ನಮ್ಮ ಮನೆಯಲ್ಲಿ ಏಡಿ ಹಿಡಿಯಲು ಹೋಗುವುದಕ್ಕೂ ಬೇಟೆ ಅಂತಲೇ ಹೇಳುವುದು. ಹುಬ್ಬಳ್ಳಿಯ ಆಫೀಸಿನಲ್ಲಿ ಒಮ್ಮೆ ‘ರಜೆಗೆ ಊರಿಗೆ ಹೋಗಿ ಮಕ್ಕಳನ್ನು ಬೇಟೆಗೆ ಕರ್ಕೊಂಡು ಹೋಗ್ತೀನಿ’ ಅಂದೆ. ಪಕ್ಕದ ಟೇಬಲ್ಲಿನವರು ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡಿದರು. ಏಡಿ ಸಾರ್, ಏಡಿ ಅಂದ ಮೇಲೆ ನಕ್ಕರು.

ಈ ಮಾತು ಅಜ್ಜನಿಂದ ಬಂದದ್ದು. ಅಜ್ಜ ಹರೆಯದಲ್ಲಿ ಊರಿನವರ ಜೊತೆ ಘಟ್ಟದ ಬುಡದ ಕಾಡಿಗೆ ಹಂದಿ ಬೇಟೆಗೆ ಹೋಗುತ್ತಿದ್ದನಂತೆ. ಗದ್ದಲ ಮಾಡಿ ಹಂದಿ ಎಬ್ಬಿಸಿ ಸೋವುವವರು ಒಂದು ಕಡೆ, ಕೋವಿ ಹಿಡಿದವರು ಇನ್ನೊಂದು ಕಡೆ. ಹೊಡೆದವನಿಗೆ ಪಾಲು ಜಾಸ್ತಿ. ಸೋವಿದವರಿಗೂ ಪಾಲು, ನಾಯಿಗೂ ಪಾಲು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅದೆಲ್ಲ ಮೆಲ್ಲಗೆ ನಿಂತಿತು. ಒಂದೇ ದಿನಕ್ಕೆ ನಿಂತಿತು ಅಂತ ಸುಳ್ಳು ಹೇಳುವುದಿಲ್ಲ. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಕೋವಿ ಗೋಡೆಯ ಗೂಟಕ್ಕೆ ಏರಿತ್ತು, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ. ಅದು ಮನೆ ಬಿಟ್ಟು ಹೊರಡುತ್ತಿದ್ದದ್ದು ಚುನಾವಣೆ ಬಂದಾಗ, ಪೊಲೀಸ್ ಠಾಣೆಯಲ್ಲಿ ಇಟ್ಟು ಬರಲು. ಚುನಾವಣೆ ಮುಗಿದರೆ ವಾಪಸ್ಸು. ಅಷ್ಟಕ್ಕೇ ಅಜ್ಜ ಅದನ್ನು ಹೆಗಲಿಗೇರಿಸಿಕೊಂಡು ನಡೆಯುವ ಗತ್ತು ನೋಡಬೇಕಿತ್ತು. ಉಳಿದ ದಿನ ಅವನ ಬೇಟೆಯೆಲ್ಲ ಕೆಸರಿನಲ್ಲಿ.

ನಮ್ಮೂರು ಕುಮಟಾದಿಂದ ಹೆಗಡೆ ದಾಟಿ ಅಘನಾಶಿನಿ ಹೊಳೆಯ ಕಡೆಗೆ ಇದೆ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಯಾವ ಅಣೆಕಟ್ಟಿಗೂ ಸಿಗದೆ ಬರುವ ಹೊಳೆ ನಮ್ಮಲ್ಲಿಗೆ ತಲುಪುವಾಗ ಅಗಲವಾಗಿ, ಉಪ್ಪಾಗಿ, ಸ್ವಲ್ಪ ಸೋಮಾರಿಯೂ ಆಗಿರುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಅದನ್ನು ಕೊಯ್ದ ಮೇಲೆ ಉಪ್ಪುನೀರು ಬಿಟ್ಟುಕೊಂಡರೆ ಸಿಗಡಿ, ಮೀನು, ಏಡಿ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಾಗವನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ಇದು ದೊಡ್ಡ ಸುದ್ದಿ ಅಂತ ಆಯಿಗೆ, ಅಂದರೆ ಅಮ್ಮನಿಗೆ, ಫೋನ್ ಮಾಡಿ ಹೇಳಿದೆ. ‘ಹೌದಾ? ಅದ್ರಿಂದ ಏಡಿ ಜಾಸ್ತಿ ಆಗ್ತದ್ಯಾ?’ ಅಂತ ಕೇಳಿದಳು. ಫೋನ್ ಇಟ್ಟೆ.

ಅಜ್ಜ ನನ್ನನ್ನು ಮೊದಲು ಕರೆದುಕೊಂಡು ಹೋದಾಗ ನನಗೆ ಐದೋ ಆರೋ ವರ್ಷ. ನನಗೆ ಕೊಟ್ಟದ್ದು ಬುಟ್ಟಿ ಕಾಯುವ ಕೆಲಸ. ಕಟ್ಟೆಯ ಮೇಲೆ ಒಂದು ಕಾಂಡ್ಲಾ ಗಿಡ, ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಅದರ ಬುಡಕ್ಕೆ ಕತ್ತದ ಹಗ್ಗದ ಒಂದು ತುದಿ ಕಟ್ಟುತ್ತಿದ್ದ. ನಡುವೆ ಅದನ್ನು ಬುಟ್ಟಿಯ ಕಿವಿಯೊಳಗೆ ತೂರಿಸಿ, ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತುತ್ತಿದ್ದ. ‘ಬುಟ್ಟಿ ತೇಲಿ ಹೋದ್ರೆ ಬೇಟೆ ಎಲ್ಲ ಹೋಯ್ತು ತಮಾ. ನೀ ಇದ್ರೆ ಅದು ಎಲ್ಲೂ ಹೋಗೂದಿಲ್ಲ.’ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ನಾನು ಎದ್ದರೆ ಬುಟ್ಟಿ ಸಮುದ್ರಕ್ಕೇ ಹೋಗುತ್ತದೆ ಅಂತ ನಂಬಿದ್ದೆ. ಮನೆಗೆ ಬಂದು ಪಾಲು ಮಾಡುವಾಗ ಒಂದು ಸಣ್ಣ ಏಡಿ ಬೇರೆ ಇಡುತ್ತಿದ್ದ. ಅದು ಬುಟ್ಟಿ ಕಾದವನ ಪಾಲು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಈ ಕತೆಯನ್ನು ನಾನು ಹುಬ್ಬಳ್ಳಿಯಲ್ಲಿ ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಈ ಮೇ ತಿಂಗಳಲ್ಲಿ ನನ್ನ ಸರದಿ. ಮಗನಿಗೆ ಹತ್ತು, ಮಗಳಿಗೆ ಆರು. ದೇವಿಮನೆ ಘಟ್ಟ ಇಳಿಯುವಾಗ ಇಬ್ಬರೂ ಒಂದೊಂದು ಸಲ ವಾಂತಿ ಮಾಡಿಕೊಂಡು, ಊರು ಬಂದ ಮರುಕ್ಷಣ ಏನೂ ಆಗದವರ ಹಾಗೆ ‘ಬೇಟೆ ಯಾವಾಗ?’ ಅಂತ ಶುರು ಮಾಡಿದರು.

ಬೇಟೆ ಯಾವಾಗ ಅನ್ನುವುದನ್ನು ಹೇಳುವುದು ನೀರು. ಅಮಾವಾಸ್ಯೆ, ಹುಣ್ಣಿಮೆಗೆ ಭರತ ಜೋರು, ಇಳಿತವೂ ಜೋರು. ಕೆಸರು ಜಾಸ್ತಿ ತೆರೆದುಕೊಳ್ಳುತ್ತದೆ. ಅಮಾವಾಸ್ಯೆಯ ಏಡಿಯಲ್ಲಿ ಮಾಂಸ ತುಂಬಿರುತ್ತದೆ, ಹುಣ್ಣಿಮೆಯದು ಪೊಳ್ಳು ಅಂತ ನಮ್ಮ ಕಡೆಯ ಮಾತು. ಅದು ಎಷ್ಟು ನಿಜವೋ, ಆಯಿ ಮಾತ್ರ ಹುಣ್ಣಿಮೆಗೆ ಏಡಿ ತೆಗೆದುಕೊಳ್ಳುವುದಿಲ್ಲ. ಅಮಾವಾಸ್ಯೆಯ ದಿನ ನಮ್ಮಲ್ಲಿ ನೀರು ಪೂರ್ತಿ ಇಳಿಯುವುದು ಹೆಚ್ಚು ಕಡಿಮೆ ಬೆಳಗಿನ ಐದಕ್ಕೆ, ಮತ್ತೆ ಸಂಜೆ ಐದಕ್ಕೆ. ಬೆಳಿಗ್ಗೆ ಐದಕ್ಕೆ ಈ ಇಬ್ಬರನ್ನು ಎಬ್ಬಿಸುವುದು ನನ್ನಿಂದ ಆಗದ ಕೆಲಸ. ಸಂಜೆ ಅಂತ ಆಯಿತು. ಸಂಜೆಯದರಲ್ಲಿ ಒಂದು ತೊಂದರೆ ಇದೆ. ನೀರು ತಿರುಗುವುದೂ ಕತ್ತಲಾಗುವುದೂ ಒಂದರ ಹಿಂದೆ ಒಂದು ಬರುತ್ತವೆ. ಇದು ನನಗೆ ಗೊತ್ತಿತ್ತು.

ಚಪ್ಪಲಿ ಹಾಕಿದರೆ ಕೆಸರು ಎಳೆದುಕೊಳ್ಳುತ್ತದೆ. ಬರಿಗಾಲಾದರೆ ಚಿಪ್ಪು ಕೊಯ್ಯುತ್ತದೆ. ಮಗನ ಹಳೆಯ ಶಾಲೆ ಸಾಕ್ಸ್ ಇಬ್ಬರಿಗೂ ಹಾಕಿ, ಮೇಲೆ ದಾರ ಕಟ್ಟಿದೆ. ಅಜ್ಜನ ಕಬ್ಬಿಣದ ಕೊಕ್ಕೆ ಅಟ್ಟದ ಮೇಲೆ ಸಿಕ್ಕಿತು. ಬುಟ್ಟಿ ಈಗ ಎಲ್ಲಿ? ಬಣ್ಣದ ಖಾಲಿ ಬಕೆಟ್. ಅದನ್ನು ಮಗಳ ಕೈಗೆ ಕೊಟ್ಟು, ಬಹಳ ಗಂಭೀರವಾಗಿ ಹೇಳಿದೆ: ‘ಬಕೆಟ್ ಕಾಯೋದು ನಿನ್ನ ಕೆಲಸ. ಒಂದು ಏಡಿಯೂ ತಪ್ಪಿಸ್ಕೊಳ್ಬಾರ್ದು.’ ಅವಳೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿದಳು.

ಮೊದಲ ಒಂದು ಗಂಟೆ ಚೆನ್ನಾಗಿತ್ತು. ಮಕ್ಕಳು ಮಾತಾಡಿದರೆ ಏಡಿಗೇನೂ ಆಗುವುದಿಲ್ಲ, ಬಿಲದ ಹತ್ತಿರ ಧಪ್ ಧಪ್ ಅಂತ ತುಳಿಯಬಾರದು ಅಷ್ಟೇ. ಬಿಲದ ಬಾಯಲ್ಲಿ ಹಸಿ ಕೆಸರು ಬಿದ್ದಿದ್ದರೆ, ಕಾಲು ಗೀರಿದ ಗುರುತು ಇದ್ದರೆ ಒಳಗೆ ಆಸಾಮಿ ಇದ್ದಾನೆ ಅಂತ. ಮೊದಲ ಬಿಲ ಖಾಲಿ. ಎರಡನೆಯದಕ್ಕೆ ಕೊಕ್ಕೆ ಓರೆಯಾಗಿ ಇಳಿಸಿ ಮೆಲ್ಲಗೆ ಆಡಿಸಿದೆ. ಟಕ್ ಅಂತು. ಮಗನ ಕೈಗೆ ಕೊಟ್ಟೆ. ಕಬ್ಬಿಣಕ್ಕೆ ಚಿಪ್ಪು ತಾಗುವ ಆ ಸದ್ದು ಕಿವಿಗಿಂತ ಮೊದಲು ಅಂಗೈಗೆ ಕೇಳುತ್ತದೆ. ಅವನ ಮುಖ ನೋಡಿದೆ. ನನಗೂ ಹೀಗೇ ಆಗಿತ್ತು.

ಹೊರಗೆ ಬಂದದ್ದು ಹಸಿರು ಕಪ್ಪಿನ ದೊಡ್ಡ ಏಡಿ. ಹೊಟ್ಟೆಯ ಮೇಲಿನ ಮುಚ್ಚಳ ಚೂಪಾಗಿ ತ್ರಿಕೋನದ ಹಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಅಂತ ತಿರುಗಿಸಿ ತೋರಿಸಿದೆ. ಗಂಡು. ಇನ್ನು ಕಟ್ಟಬೇಕು. ಅಜ್ಜ ಬೆನ್ನಿನ ಮೇಲೆ ಕಾಲಿಟ್ಟು, ಇಕ್ಕಳದಂಥ ಎರಡು ಕೊಂಬು ಮಡಿಸಿ, ಬೀಡಿ ಬಾಯಿಂದ ತೆಗೆಯದೆ ಕಟ್ಟಿ ಮುಗಿಸುತ್ತಿದ್ದ. ನನಗೆ ಹತ್ತು ನಿಮಿಷ ಹಿಡಿಯಿತು. ನಡುವೆ ಅದು ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಹಿಡಿದಾಗ ಎಳೆಯಬಾರದು. ಎಳೆದರೆ ಇನ್ನೂ ಬಿಗಿ ಮಾಡುತ್ತದೆ, ಇಲ್ಲದಿದ್ದರೆ ಕೊಂಬನ್ನೇ ಕಳಚಿ ಕೊಟ್ಟು ಹೋಗುತ್ತದೆ. ಅದಕ್ಕೇನು, ಮುಂದೆ ಚಿಪ್ಪು ಬದಲಿಸುವಾಗ ಹೊಸದು ಬರುತ್ತದೆ. ನಮ್ಮ ಬೆರಳಿಗೆ ಆ ಸೌಲಭ್ಯ ಇಲ್ಲ. ಕೈಯನ್ನು ನೀರಿನಲ್ಲಿ ಮುಳುಗಿಸಿ ಸುಮ್ನೆ ಕಾದೆ. ಬಿಟ್ಟಿತು. ಮಗಳು ನನ್ನ ಗಂಟು ನೋಡಿ, ‘ಅಪ್ಪಾ, ಇದು ಶೂ ಲೇಸ್ ಥರಾ ಇದೆ’ ಅಂದಳು. ಸರಿಯಾಗೇ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ.

ನಾಲ್ಕು ಆದವು. ಅಂಗೈಗಿಂತ ಸಣ್ಣ ಎರಡನ್ನು ಬಿಟ್ಟೆವು. ಅಷ್ಟಾದ ಮೇಲೆ ಸಾಕು ಅನ್ನಬೇಕಿತ್ತು. ಆದರೆ ಆಚೆ ಕೊಡ್ಲದಲ್ಲಿ, ಹೊಳೆಗೆ ಸೇರುವ ಸಣ್ಣ ಕಾಲುವೆಯಲ್ಲಿ, ಅಜ್ಜನ ಕಾಲದ ಒಂದು ಬಿಲ ಇತ್ತು. ನಲವತ್ತು ವರ್ಷದಲ್ಲಿ ಅದರೊಳಗೆ ಎಷ್ಟು ತಲೆಮಾರಿನ ಏಡಿ ಬಂದು ಹೋದವೋ, ನನಗೆ ಮಾತ್ರ ಅದು ಅಲ್ಲೇ ಇರುತ್ತದೆ ಅಂತ ಹಟ. ‘ಹತ್ತೇ ನಿಮಿಷ, ಇಲ್ಲೇ ಕೂತಿರು’ ಅಂತ ಮಗಳಿಗೆ ಹೇಳಿ ಮಗನ ಜೊತೆ ಹೋದೆ. ಬಿಲ ಇತ್ತು! ಅದೇ ಕಲ್ಲಿನ ಬುಡದಲ್ಲಿ. ಟಕ್ ಟಕ್ ಅಂತ ಸದ್ದೂ ಬಂತು. ಏಡಿ ಮಾತ್ರ ಬರಲಿಲ್ಲ. ನಾನು ಕೆಸರಿನಲ್ಲಿ ಮೊಣಕಾಲೂರಿ, ಹೆಗಲವರೆಗೆ ಕೈ ತೂರಿಸಿಕೊಂಡು ಮಲಗಿದ್ದೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಮಗ ‘ಅಪ್ಪಾ, ನೀರು ಈ ಕಡೆ ಬರ್ತಾ ಇದೆ’ ಅಂದ ಮೇಲೆ ತಲೆ ಎತ್ತಿದೆ.

ಕೊಡ್ಲದ ನೀರು ತಿರುಗಿತ್ತು. ಹೊಳೆಯ ಕಡೆಯಿಂದ ನೊರೆಯ ಗೆರೆಯೊಂದು ಒಳಗೆ ಬರುತ್ತಿತ್ತು. ಕಾಲಿನ ಗುರುತುಗಳಲ್ಲೆಲ್ಲ ನೀರು ತುಂಬುತ್ತಿತ್ತು. ಭರತ ಸದ್ದು ಮಾಡಿ ಬರುವುದಿಲ್ಲ.

ಕಟ್ಟೆಯ ಮೇಲೆ ಬಕೆಟ್ ಇತ್ತು. ಮಗಳು ಇರಲಿಲ್ಲ.

ಬಕೆಟ್ಟಿನೊಳಗೆ ಬಗ್ಗಿ ನೋಡಿದೆ. ಯಾಕೆ ನೋಡಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಮೂರು ಏಡಿ, ಒಂದು ನೈಲಾನ್ ದಾರದ ತುಂಡು. ಹೆಸರು ಹಿಡಿದು ಕೂಗಿದೆ. ಸುತ್ತ ಕಾಂಡ್ಲಾ, ಕೂಗಿದ ದನಿ ಎಲ್ಲೂ ಹೋಗುವುದಿಲ್ಲ. ದೂರದಲ್ಲಿ ಕೊಂಕಣ ರೈಲು ಸೇತುವೆ ದಾಟುವ ಸದ್ದು. ಅದು ಮುಗಿಯುವವರೆಗೆ ಬೇರೇನೂ ಕೇಳಲಿಲ್ಲ. ಕಟ್ಟೆಯ ಒಂದು ಬದಿ ತುಂಬುತ್ತಿರುವ ಕೊಡ್ಲ, ಇನ್ನೊಂದು ಬದಿ ಗಜನಿಯ ನೀರು. ಎರಡರಲ್ಲೂ ಆರು ವರ್ಷದ ಮಗುವಿಗೆ ಸಾಕಾಗುವಷ್ಟು ಆಳ. ಮಗನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನು ‘ನೋವಾಗ್ತಿದೆ’ ಅಂದ.

ಅಜ್ಜ ಕಟ್ಟಿದ ಹಗ್ಗ ಬುಟ್ಟಿಗಲ್ಲ ಅಂತ ನನಗೆ ಹೊಳೆದದ್ದು ಆಗ. ಬುಟ್ಟಿ ಕಟ್ಟೆಯ ಮೇಲಿತ್ತು, ಅದು ತೇಲುವುದಾದರೂ ಹೇಗೆ? ನಲವತ್ತು ವರ್ಷ ಆ ಕತೆ ಹೇಳಿ ನಗಿಸಿದವನಿಗೆ ಇಷ್ಟು ಸಣ್ಣ ವಿಷಯ ತಲೆಗೆ ಹೋಗಿರಲಿಲ್ಲ.

‘ಏ ತಮಾ! ಇಲ್ಲಿ!’

ತೂಬಿನ ಹಲಗೆ ಬಾಗಿಲ ಹತ್ತಿರದಿಂದ ಒಂದು ಹೆಂಗಸಿನ ದನಿ. ಕೆಸರಿನಿಂದ ಬಳಚು, ಅಂದರೆ ತಿನ್ನುವ ಚಿಪ್ಪು, ತೆಗೆದು ವಾಪಸ್ಸು ಹೊರಟಿದ್ದ ಅಜ್ಜಿ. ಸೊಂಟದವರೆಗೆ ಒದ್ದೆ ಸೀರೆ, ಪಕ್ಕದಲ್ಲಿ ಬಳಚು ತುಂಬಿದ ಬೋಗುಣಿ. ಮಗಳ ಜುಟ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಮಗಳು ಒಂದು ಕೋಲಿನಿಂದ ಏಡಿಯೊಂದನ್ನು ಕಲ್ಲಿನ ಸಂದಿಗೆ ಒತ್ತಿ ಹಿಡಿದಿದ್ದಳು. ಅದರ ಕಾಲಿನಲ್ಲಿ ನನ್ನ ಶೂ ಲೇಸ್ ಗಂಟು ಇನ್ನೂ ನೇತಾಡುತ್ತಿತ್ತು.

‘ಬಾಗಿಲ ಬುಡಕ್ಕೆ ಇಳೀತಿತ್ತು ಕೂಸು’ ಅಂದಳು ಅಜ್ಜಿ. ‘ನೀರು ನುಗ್ಗೂ ಜಾಗ ಅದು. ನೀ ಏಡಿ ಹಿಡೂಕೆ ಬಂದವ್ನೋ, ಮಗು ನೋಡೂಕೆ ಬಂದವ್ನೋ? ಎರಡೂ ಆಗೂದಿಲ್ಲ. ಯಾರ ಮನೆ ನೀನು?’

ಅಜ್ಜನ ಹೆಸರು ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಅವ್ನ ಮೊಮ್ಮಗನಾ?’ ಅಂದಳು. ಅದರಲ್ಲಿ ಬೈಗುಳ ಒಂದೂ ಇರಲಿಲ್ಲ, ಆದರೆ ಅದಕ್ಕಿಂತ ದೊಡ್ಡದು ನನಗೆ ಈಚೆಗೆ ಯಾರೂ ಬೈದಿಲ್ಲ.

ಮಗಳಿಗೆ ಗದರಲು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು: ‘ಅಪ್ಪಾ, ಇದು ಬಿಚ್ಕೊಂಡು ಓಡಿಬಿಡ್ತು. ನಾನು ಬಿಡಲೇ ಇಲ್ಲ.’ ಒಂದು ಏಡಿಯೂ ತಪ್ಪಿಸ್ಕೊಳ್ಬಾರ್ದು ಅಂತ ಹೇಳಿದ್ದು ನಾನೇ ಅಲ್ವಾ? ಅವಳು ತನ್ನ ಕೆಲಸ ಮಾಡಿದ್ದಳು. ಆ ಕೋಲು ತೆಗೆದರೆ ಏಡಿ ಓಡುತ್ತದೆ ಅಂತ ನಾನು ಎತ್ತಿಕೊಳ್ಳಲು ಬಂದರೂ ಬಿಡಲಿಲ್ಲ. ಕೊನೆಗೆ ಅಜ್ಜಿಯೇ ಬಗ್ಗಿ ಏಡಿಯನ್ನು ಹಿಂದಿನಿಂದ ಹಿಡಿದು, ತನ್ನ ಸೆರಗಿನ ಅಂಚಿನಿಂದ ಒಂದು ಚಿಂದಿ ಹರಿದು ಕಟ್ಟಿ ಕೊಟ್ಟಳು. ಹತ್ತು ಸೆಕೆಂಡು ಆಗಿರಬಹುದು. ಒಂದು ಏಡಿ ತೆಗೆದುಕೊಳ್ಳಿ ಅಂದರೆ ಬೇಡ ಅಂದಳು. ‘ಕತ್ತಲಾಗ್ತದೆ, ಹೋಗಿ.’

ಕೈಯಲ್ಲಿ ಮಗಳು, ಮಗನ ತಲೆಯ ಮೇಲೆ ಬಕೆಟ್. ಕಟ್ಟೆಯ ಮೇಲೆ ಬರುವಾಗ ಆಗಲೇ ನಾವು ಓಡಾಡಿದ ಕೆಸರೆಲ್ಲ ನೀರಾಗಿತ್ತು. ನನ್ನ ಕೊಕ್ಕೆ ಆ ಬಿಲದಲ್ಲೇ ಉಳಿದಿದೆ ಅಂತ ನೆನಪಾದದ್ದು ಮನೆಯ ಅಂಗಳಕ್ಕೆ ಬಂದ ಮೇಲೆ. ಅಜ್ಜನ ಕೊಕ್ಕೆ.

ನಡೆದದ್ದನ್ನು ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಕೆಲಸಕ್ಕೆ ಬರಲಿಲ್ಲ. ಕಾಲು ತೊಳೆಯುವ ಮೊದಲೇ ಮಗಳು ಆಯಿಗೆ ವರದಿ ಒಪ್ಪಿಸಿದಳು: ‘ಅಜ್ಜಿ, ಅಪ್ಪ ಕಳೆದುಹೋಗಿದ್ದ. ನಾನು ಮತ್ತೆ ಇನ್ನೊಂದು ಅಜ್ಜಿ ಕಾದ್ವಿ.’ ಆಯಿ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಕಾಯಿ ತುರಿಯುವುದನ್ನು ಮುಂದುವರಿಸಿದಳು.

ರಾತ್ರಿ ಬಡಿಸುವಾಗ ಮಗಳ ತಟ್ಟೆಗೆ ಅವಳ ಏಡಿಯನ್ನೇ ಇಟ್ಟೆವು. ಬುಟ್ಟಿ ಕಾದವಳ ಪಾಲು. ಖಾರ ಅಂತ ಅವಳು ಎರಡು ತುತ್ತಿಗೆ ಬಿಟ್ಟಳು. ಅಣ್ಣ ಕೈಹಾಕಿದ ಕೂಡಲೇ ಮತ್ತೆ ತಟ್ಟೆಯನ್ನು ತಬ್ಬಿಕೊಂಡಳು.

ಮಕ್ಕಳು ಮಲಗಿದ ಮೇಲೆ ಆಯಿಯನ್ನು ಕೇಳಿದೆ, ‘ಅಜ್ಜನ ಹತ್ರ ಒಂದು ಕತ್ತದ ಹಗ್ಗ ಇತ್ತಲ್ಲ, ಎಲ್ಲಿದೆ ಅದು?’

‘ಅದೆಲ್ಲಿ ಉಂಟು? ಗೆದ್ದಲು ಹಿಡ್ದು ಯಾವಾಗ್ಲೋ ಬಿಸಾಕಿದ್ವು’ ಅಂದಳು ಆಯಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು, ‘ಕುಮಟಾ ಪೇಟೆಲಿ ನೈಲಾನಿದು ಸಿಕ್ತದೆ. ನಾಳೆ ಹೋದ್ರೆ ತಕಂಡು ಬಾ. ಗಂಟು ಹಾಕೂದು ನಾ ಹೇಳ್ಕೊಡ್ತೆ.’