ಸೊಳ್ಳೆಪರದೆ ಯಾಕೆ ಹೊತ್ತು ತಿರುಗ್ತೀರಿ?

ಮದುವೆ ಮನೆ ಇರಲಿ, ಎಲೆಕ್ಷನ್ ಡ್ಯೂಟಿ ಇರಲಿ, ಗವಿಮಠದ ಜಾತ್ರೆಗೆ ಬಂದು ಕೊಪ್ಪಳದ ಬೀಗರ ಮನೆಯಲ್ಲಿ ಉಳಿಯೋದಿರಲಿ, ನನ್ನ ಬ್ಯಾಗಿನಲ್ಲಿ ಒಂದು ಸೊಳ್ಳೆಪರದೆ ಇದ್ದೇ ಇರುತ್ತದೆ. ಜೊತೆಗೆ ನಾಲ್ಕು ಮೊಳೆ, ಒಂದು ಉಂಡೆ ಹುರಿ. ಸುತ್ತಿಗೆ ಒಯ್ಯೋದಿಲ್ಲ, ಎಲ್ಲ ಊರಲ್ಲೂ ಕಲ್ಲು ಸಿಗುತ್ತದೆ. "ಯಾಕ್ರೀ ಸರ, ನಮ್ಮನ್ಯಾಗ ಫ್ಯಾನ್ ಐತಿ, ಸೊಳ್ಳಿ ಬತ್ತಿ ಐತಿ, ಇದೇನ್ರೀ ಗುಡಾರ?" ಅಂತ ಕೇಳದ ಮನೆ ಇಲ್ಲ. "ಡೆಂಗಿ ರೀ, ಕಾಲ ಸುಮಾರೈತಿ" ಅಂದುಬಿಡ್ತೀನಿ. ಅಲ್ಲಿಗೆ ಮಾತು ಮುಗಿಯುತ್ತದೆ. ನಿಜವಾದ ಉತ್ತರ ಊಟ ಮಾಡಿ ಎದ್ದವರ ಮುಂದೆ ಹೇಳುವಂಥದ್ದಲ್ಲ. ಇಲ್ಲಿ ಬರೆದಿಡ್ತೀನಿ.

ಹೈಸ್ಕೂಲಿನಲ್ಲಿ ನನಗೊಬ್ಬ ಗೆಳೆಯ ಇದ್ದ. ಅವನನ್ನು ನಾವ್ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, 'ಕ್ಯಾಂಪ್' ಅಂತಿದ್ವಿ. ಗಂಗಾವತಿ ಸುತ್ತ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಹೊಲ ಹಿಡಿದ ರೈತರು ಕಟ್ಟಿಕೊಂಡ ಊರುಗಳಿಗೆಲ್ಲ ಕ್ಯಾಂಪ್ ಅಂತಲೇ ಹೆಸರು. ಅವನ ತಾತನ ಕಾಲಕ್ಕೆ ಬಂದವರು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ನೋಟ್‌ಬುಕ್ಕಿನಲ್ಲಿ ಎರಡೂ.

ಆ ನೋಟ್‌ಬುಕ್ಕು ನನಗೆ ಈಗಲೂ ಕಣ್ಣಿಗೆ ಕಟ್ಟಿದಂಗಿದೆ. 'ಕ' ಬರೆದರೆ ಅದಕ್ಕೆ ನಮ್ಮ ತಲೆಕಟ್ಟಿನ ಬದಲು ತೆಲುಗಿನ ಗೀಟು, ಮೇಷ್ಟ್ರು ರೈಟ್ ಮಾರ್ಕ್ ಹಾಕಿದಂಗೆ. ಪುಟದ ತುಂಬ ಎಲ್ಲ ಅಕ್ಷರದ ತಲೆ ಮೇಲೂ ರೈಟು. "ನಿನ್ನ ಉತ್ತರಕ್ಕ ನೀನೇ ಮಾರ್ಕ್ಸ್ ಹಾಕ್ಕೊಂಡ ಬಂದೀಯೇನಲೇ?" ಅಂತ ಕನ್ನಡ ಮೇಷ್ಟ್ರು ಬೈದರೆ ಇವನೂ ನಗುತ್ತಿದ್ದ. ತಿದ್ದಿಕೊಳ್ಳಲಿಲ್ಲ. ಒಂದು ಭತ್ತದ ಕಾಳನ್ನು ಹಲ್ಲಲ್ಲಿ ಕಟಕ್ ಅನ್ನಿಸಿ ಇನ್ನೂ ಹಸಿ ಐತೋ, ಮಿಲ್ಲಿಗೆ ಹಾಕಬಹುದೋ ಅಂತ ಹೇಳುತ್ತಿದ್ದ. ಹದಿನಾಲ್ಕು ವರ್ಷದ ಹುಡುಗ! ಅವರ ಗೋಂಗುರವೂ ನಮ್ಮ ಪುಂಡಿಪಲ್ಯವೂ ಒಂದೇ ಸೊಪ್ಪು ಅಂತ ನಾನು, ಅಲ್ಲ ಅಂತ ಅವನು ಇಡೀ ಒಂದು ವರ್ಷ ಜಗಳ ಆಡಿದ್ದೀವಿ. ಒಂದೇ ಸೊಪ್ಪು. ಗೆದ್ದೆ ಅಂತ ಹೇಳಿಕೊಳ್ಳೋಕೆ ಅವನಿಲ್ಲ.

ಒಂಬತ್ತನೇ ಕ್ಲಾಸು, ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯೊಳಗೇ ಇತ್ತು. ಮಳೆಗಾಲ, ನಾಟಿ ಜೋರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಅವನ ಸೈಕಲ್ ಹಿಂದೆ ಕೂತು ಕ್ಯಾಂಪಿಗೆ ಹೋದೆ. ರಾತ್ರಿ ಬಿಸಿ ಅನ್ನ, ಪಪ್ಪು, ಆ ಜಗಳದ ಗೋಂಗುರ ಪಚ್ಚಡಿ. ರೊಟ್ಟಿ ತಿಂದು ಬೆಳೆದ ನನಗೆ ಅನ್ನ ಎಷ್ಟು ಉಂಡರೂ ಹೊಟ್ಟೆ ತುಂಬಿದಂಗೆ ಆಗುತ್ತಿರಲಿಲ್ಲ, ಅವನ ಅಮ್ಮ ಬಡಿಸುತ್ತಲೇ ಇದ್ದರು. ಪಡಸಾಲೆಯಲ್ಲಿ ಗೋಡೆಗೆ ಭತ್ತದ ಚೀಲ ಒಟ್ಟಿದ್ದರು. ಅದರ ಪಕ್ಕ ಒಂದು ನವಾರದ ಮಂಚ, ದಿನಾ ಅವನು ಮಲಗುವುದು. ಅವತ್ತು ನನ್ನನ್ನು ಅದರ ಮೇಲೆ ಹಾಕಿ, ತಾನು ಕೆಳಗೆ ಚಾಪೆ ಹಾಸಿಕೊಂಡ. ಬೇಡ ಅಂದೆ. ಒಂದೇ ಸಲ ಅಂದೆ.

ಮೂರು ಗಂಟೆ ಸುಮಾರಿಗೆ ಹೊಟ್ಟೆನೋವು ಅಂತ ಎದ್ದ. ವಾಂತಿ ಆಯಿತು. ಅಮ್ಮ ಅಜವಾನ, ಬಿಸಿನೀರು ಕೊಟ್ಟರು. ನುಂಗೋಕೆ ಆಗಲಿಲ್ಲ, ಕಟಬಾಯಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋತುಬಿದ್ದವು, ಮಾತು ತೊದಲಿತು. ಮೈ ಮೇಲೆ ಗಾಯ ಇಲ್ಲ, ಬಾವು ಇಲ್ಲ. "ನಿದ್ದಿ ಬಂದೈತಿ, ಮಲಗಲಿ ಬಿಡ್ರಿ" ಅಂದದ್ದು ನಾನು.

ಬೆಳಕು ಹರಿಯುವಾಗ ಉಸಿರು ಸರಿ ಬರುತ್ತಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಆಗ 108 ಇಲ್ಲ, ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಯಾರದೋ ಜೀಪು ಹಿಡಿದು ಪೇಟೆಗೆ ಒಯ್ದರು. ಅಲ್ಲಿ ನೋಡಿದವರು ಬಳ್ಳಾರಿಗೆ ಒಯ್ಯಿರಿ ಅಂದರು. ಬಳ್ಳಾರಿಗೆ ಹತ್ತಿರದ ದಾರಿ ಕಂಪ್ಲಿ ಮೇಲೆ. ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಿದ್ದರು, ಕಂಪ್ಲಿ ಸೇತುವೆ ಮುಳುಗಿತ್ತು. ಜೀಪು ತಿರುಗಿಸಿ ಹೊಸಪೇಟೆ ಮೇಲೆ ಹೊರಟರು. ಮುನಿರಾಬಾದ್ ದಾಟಲಿಲ್ಲ.

ನಾನು ಕ್ಯಾಂಪಿನಲ್ಲೇ ಇದ್ದೆ, ಅವನ ತಂಗಿ ಜೊತೆ. ಮಧ್ಯಾಹ್ನ ಆಳುಗಳು ಚೀಲ ಸರಿಸಿದಾಗ ಹಾವು ಸಿಕ್ಕಿತು. ಮೂರಡಿ ಇದ್ದೀತು. ಎಣ್ಣೆ ಹಚ್ಚಿದಂಥ ಕರಿ ಮೈ, ಅದಕ್ಕೆ ಬಿಳಿ ಪಟ್ಟೆ. ಕಟ್ಟುಹಾವು.

ಭತ್ತಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಕಟ್ಟುಹಾವು ಹಗಲು ಸುಮ್ಮನಿದ್ದು ರಾತ್ರಿ ಓಡಾಡುವ ಜಾತಿ. ಅದರ ಹಲ್ಲು ಎಷ್ಟು ಸಣ್ಣ ಅಂದರೆ ಕಡಿದದ್ದು ಮಲಗಿದವರಿಗೆ ಎಷ್ಟೋ ಸಲ ಗೊತ್ತೇ ಆಗೋದಿಲ್ಲ, ಗುರುತೂ ಕಾಣೋದಿಲ್ಲ. ಕೊಳಕುಮಂಡಲ ಕಡಿದಂಗೆ ಕಾಲು ಬಾತು ಹೆದರಿಸಿದರೆ ಜನ ದವಾಖಾನೆಗೆ ಓಡಿಯಾರು, ಇದು ಹೊಟ್ಟೆನೋವಿನ ವೇಷ ಹಾಕಿಕೊಂಡು ಬರುತ್ತದೆ. ವಿಷ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನೇ ಕತ್ತರಿಸುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರು. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಬಿದ್ದು, ಉಸಿರು ಕೊಡುವ ಮಷಿನ್ ಸಿಕ್ಕರೆ ಉಳಿಯುತ್ತಾರೆ. ದಿನಗಟ್ಟಲೆ ಮಷಿನ್ ಮೇಲಿದ್ದು ಎದ್ದು ಮನೆಗೆ ಹೋದವರಿದ್ದಾರೆ.

ಇದನ್ನೆಲ್ಲ ನಾನು ಓದಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಓದದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವ ಒಂದು ಸಾಲು ಅದರಲ್ಲಿತ್ತು: ಕಣ್ಣು ಮುಚ್ಚಿದ್ದರೂ, ಕೈ ಎತ್ತಲು ಬಾರದಿದ್ದರೂ ಇಂಥ ರೋಗಿಗೆ ಎಚ್ಚರ ಇರಬಹುದು, ಸುತ್ತಲಿನ ಮಾತು ಕೇಳಿಸುತ್ತಿರಬಹುದು. ನಾನು ಮಲಗಲಿ ಬಿಡ್ರಿ ಅಂದಾಗ ಅವನು ಮಲಗಿರಲಿಲ್ಲವೇನೋ.

ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕರ್ನಾಟಕ ಮಾಡಿದ್ದು 2024ರಲ್ಲಿ. ಅವನು ಯಾವ ಲೆಕ್ಕಕ್ಕೂ ಬಂದಿರಲಿಕ್ಕಿಲ್ಲ.

ಪರದೆ ವಿಷಯ ಇಷ್ಟೇ. ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಬಿಗಿಯಾಗಿ ಸಿಕ್ಕಿಸಿದರೆ ಹಾವು ಒಳಗೆ ಬರೋದು ಕಷ್ಟ, ಆದ್ದರಿಂದ ನೆಲದ ಮೇಲೆ ಮಲಗುವವರಿಗೆ ಅದು ಬರೀ ಸೊಳ್ಳೆಗಲ್ಲ. ಯಾರ ಮನೆಯಲ್ಲಾದರೂ ಕೆಳಗೆ ಹಾಸಿ, ನನಗೆ ಮಂಚ ತೋರಿಸಿದರೆ ಮಂಚ ಒಲ್ಲೆ ಅಂತೀನಿ. ಸೊಂಟನೋವು ಅಂತ ಸುಳ್ಳು ಹೇಳಿ ಕೆಳಗೆ ಪರದೆ ಕಟ್ಟಿಕೊಳ್ತೀನಿ. ಹೆಂಡತಿಗೆ ಇದು ಅತಿ ಅನ್ನಿಸುತ್ತದೆ. ಅತಿಯೇ ಇರಬಹುದು.

ಮೂರು ವರ್ಷದ ಹಿಂದೆ ಅವನ ಅಮ್ಮನಿಗೂ ಒಂದು ಪರದೆ ಒಯ್ದು ಕೊಟ್ಟೆ. ತಗೊಂಡರು, ಮಡಚಿ ಟ್ರಂಕಿನಲ್ಲಿಟ್ಟರು. ಯಾಕೆ ಅಂತ ಕೇಳದವರು ಅವರೊಬ್ಬರೇ. ಹೋದ ಬೇಸಿಗೆಯಲ್ಲಿ ಕ್ಯಾಂಪಿಗೆ ಹೋದಾಗ ನೋಡಿದರೆ ಅದು ಅಂಗಳದಲ್ಲಿ ಹರಡಿತ್ತು, ಕೆಳಗೆ ಒಣಹಾಕಿದ ವಡಿಯಾಲು, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಚೂರು. "ಕಾಗಿ ಬಿಡಂಗಿಲ್ಲ ನಾಯನಾ" ಅಂದರು. ಹಾಗಾದ್ರೆ ಮಲಗೋದು ಎಲ್ಲಿ ಅಂದೆ. ಒಳಗೆ ಕೈ ತೋರಿಸಿದರು. ಪಡಸಾಲೆಯಲ್ಲಿ ಈಗ ಚೀಲ ಇಲ್ಲ. ಅದೇ ಮಂಚ ಇದೆ, ನವಾರ ಮಾತ್ರ ಎರಡು ಸಲ ಹೊಸದು ಹಾಕಿಸಿದ್ದಾರಂತೆ.